ಗಾಜಿನ ಚಪ್ಪಡಿಯಲ್ಲಿ ಬೆಳಕು ಎಷ್ಟು ಬಾಗುತ್ತದೆ? ಅಳೆಯುವುದು ಹೀಗೆ

ಎಸ್ಸೆಸ್ಸೆಲ್ಸಿ ಮಕ್ಕಳ ವಕ್ರೀಭವನ (ಗಾಜಿಗೆ ಹೊಕ್ಕಾಗ ಬೆಳಕು ಬಾಗುವುದು) ಪ್ರಯೋಗ ಬಹುತೇಕ ಕೆಡುವುದು ಪಿನ್ನು ಚುಚ್ಚುವಾಗಲೇ. ಹೀಗಾಗಿ ಮೊದಲ ಕೆಲಸ ಬೇಗ ಮುಗಿಸಿ: ಥರ್ಮೋಕೋಲ್ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಚಪ್ಪಡಿ, ಸುತ್ತ ಚೂಪು ಪೆನ್ಸಿಲಿನ ಗೆರೆ. ಮೂಲೆ ಒಡೆದ ಚಪ್ಪಡಿ ಬೇಡವೇ ಬೇಡ. ಅಕ್ರಿಲಿಕ್ಕಿಗೆ ಬೇಗ ಗೀರು ಬೀಳುತ್ತದೆ, ಅಂಗಡಿಯಲ್ಲಿ ಗಾಜಿನದೇ ಕೇಳಿ.

ಉದ್ದ ಬದಿಯ ಒಂದು ತುದಿಯ ಹತ್ತಿರ ಲಂಬ ಎಳೆದು, ಅದಕ್ಕೆ 45 ಡಿಗ್ರಿಯಲ್ಲಿ ಪತನ ಕಿರಣದ, ಅಂದರೆ ಗಾಜಿಗೆ ಬಂದು ಬೀಳುವ ಬೆಳಕಿನ ಗೆರೆ ಹಾಕಿ. ಅದರ ಮೇಲೆ ಎರಡು ಪಿನ್ನು ನೆಟ್ಟಗೆ ಚುಚ್ಚಿ. ನಡುವೆ 6 ಸೆಂ.ಮೀ. ಅಂತರ ಇರಲೇಬೇಕು. 1 ಸೆಂ.ಮೀ. ಅಂತರದಲ್ಲಿ ಪಿನ್ನು 1 ಮಿ.ಮೀ. ಸರಿದರೆ ಗೆರೆ ಸುಮಾರು 6 ಡಿಗ್ರಿ ತಿರುಗುತ್ತದೆ, 6 ಸೆಂ.ಮೀ. ಇದ್ದರೆ 1 ಡಿಗ್ರಿ ಮಾತ್ರ.

ಈಗ ಆಚೆ ಬದಿಯಿಂದ, ಕಣ್ಣನ್ನು ಹಾಳೆಯ ಮಟ್ಟಕ್ಕೆ ಇಳಿಸಿ, ಒಂದೇ ಕಣ್ಣಿನಿಂದ ನೋಡಿ. ಎಡವಟ್ಟಾಗುವುದು ಇಲ್ಲೇ. ಪಿನ್ನಿನ ತಲೆ ಚಪ್ಪಡಿಗಿಂತ ಎತ್ತರ ಇರುವುದರಿಂದ ಗಾಜಿನ ಮೇಲಿಂದ ನೇರವಾಗಿಯೂ ಕಾಣುತ್ತದೆ. ಆ ತಲೆಗಳಿಗೆ ಸಾಲು ಹೊಂದಿಸಿದರೆ ಬೆಳಕು ಬಾಗಲೇ ಇಲ್ಲ ಎಂಬ ಉತ್ತರ ಬರುತ್ತದೆ. ಗಾಜಿನೊಳಗೆ ಕಾಣುವ ಪಿನ್ನಿನ ಬುಡವನ್ನಷ್ಟೇ ನೋಡಿ. ಎರಡೂ ಬುಡಗಳನ್ನು ಮರೆಮಾಡುವಂತೆ ಮೂರನೆಯದನ್ನು, ಮೂರನ್ನೂ ಮರೆಮಾಡುವಂತೆ ನಾಲ್ಕನೆಯದನ್ನು ಚುಚ್ಚಿ. ಇವೆರಡರ ನಡುವೆಯೂ 6 ಸೆಂ.ಮೀ. ಬಿಡಿ. ಅಷ್ಟರಲ್ಲಿ ಚಪ್ಪಡಿ ಕದಲಿದ್ದರೆ ಹೊಸ ಹಾಳೆ ತೆಗೆದುಕೊಳ್ಳಿ. ಪಿನ್ನಿನ ಬದಲು ಲೇಸರ್ ಬಳಸುವ ಸುಲಭದ ದಾರಿ ಬೇಡ, ಅದು ಕಣ್ಣಿಗೆ ಅಪಾಯ.

ಚಪ್ಪಡಿ ತೆಗೆದು, ಮೂರು ಮತ್ತು ನಾಲ್ಕನೆಯ ಪಿನ್ನಿನ ತೂತು ಕೂಡಿಸಿ ಚಪ್ಪಡಿಯ ಅಂಚಿನ ತನಕ ಗೆರೆ ಎಳೆಯಿರಿ, ಇದು ಹೊರಬಂದ ಬೆಳಕಿನ ನಿರ್ಗಮನ ಕಿರಣ. ಬೆಳಕು ಒಳಹೊಕ್ಕ ಬಿಂದುವಿಗೂ ಹೊರಬಂದ ಬಿಂದುವಿಗೂ ಗೆರೆ ಕೂಡಿಸಿದರೆ ಗಾಜಿನೊಳಗಿನ ಕಿರಣ. ನಿರ್ಗಮನ ಕಿರಣ ಪತನ ಕಿರಣಕ್ಕೆ ಸಮಾಂತರ ಇಲ್ಲದಿದ್ದರೆ ಅಳತೆಗೆ ಕೂರಬೇಡಿ, ಮತ್ತೆ ಚುಚ್ಚಿ.

ಗಾಜಿನೊಳಗಿನ ಕಿರಣಕ್ಕೂ ಲಂಬಕ್ಕೂ ನಡುವಿನ ಕೋನವೇ ವಕ್ರೀಭವನ ಕೋನ, ಸಾಮಾನ್ಯ ಗಾಜಿನಲ್ಲಿ 45 ಡಿಗ್ರಿಗೆ ಅದು ಸುಮಾರು 28 ಬರುತ್ತದೆ. ಕೋನಕ್ಕೆ ಕೋನ ಭಾಗಿಸಬೇಡಿ. ಸೈನ್ ಬೆಲೆಗಳನ್ನು ಭಾಗಿಸಿ: 0.707 ಭಾಗಿಸು 0.469, ಅಂದರೆ 1.51.

ವಕ್ರೀಭವನ ಸೂಚ್ಯಂಕ ಎನ್ನುವ ಈ ಸಂಖ್ಯೆ ಬೆಳಕಿನ ವೇಗದ ಲೆಕ್ಕ. ಗಾಳಿಯಲ್ಲಿ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವ ಬೆಳಕು ಗಾಜಿನಲ್ಲಿ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಗದಗ, ನರಗುಂದದ ಕಡೆ ಡಾಂಬರು ರಸ್ತೆಯಿಂದ ಹಸಿ ಎರೆ ಹೊಲಕ್ಕೆ ಓರೆಯಾಗಿ ಇಳಿದ ಚಕ್ಕಡಿಯಲ್ಲಿ ಮೊದಲು ಕೆಸರು ಮುಟ್ಟಿದ ಗಾಲಿ ನಿಧಾನವಾಗಿ, ಗಾಡಿ ಆ ಕಡೆಗೇ ತಿರುಗುತ್ತದೆ. ಬೆಳಕಿನ ಅಲೆಯಲ್ಲೂ ಗಾಜನ್ನು ಮೊದಲು ಮುಟ್ಟಿದ ಅಂಚು ಹಿಂದೆ ಬೀಳುತ್ತದೆ, ಕಿರಣ ಲಂಬದತ್ತ ಹೊರಳುತ್ತದೆ. ಲಂಬವಾಗಿಯೇ ಬಿದ್ದರೆ ಇಡೀ ಅಲೆ ಒಟ್ಟಿಗೆ ನಿಧಾನವಾಗುವುದರಿಂದ ಬಾಗುವುದಿಲ್ಲ.

30 ಮತ್ತು 60 ಡಿಗ್ರಿಗೂ ಮಾಡಿ, ವಕ್ರೀಭವನ ಕೋನ 19.5 ಮತ್ತು 35ರ ಆಸುಪಾಸು ಬರಬೇಕು. ಪ್ರತಿ ಕೋನಕ್ಕೂ ಬೇರೆ ಹಾಳೆ ಬಳಸಿ. ಒಂದರಲ್ಲೇ ಎಲ್ಲ ಗೆರೆ ಎಳೆದರೆ ಹಳೆಯ ತೂತು ಯಾವುದು, ಹೊಸದು ಯಾವುದು ಎಂದು ತಿಳಿಯುವುದಿಲ್ಲ.