ಜೋಳದ ರೊಟ್ಟಿ ತಿಂದರೂ ಮಗಳ ಹೊಟ್ಟೆ ಉಬ್ಬರ: ಸರಿಹೋದದ್ದು ಹೀಗೆ

ಮಗಳಿಗೆ ಸೀಲಿಯಾಕ್, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಗ್ಗದೆ ಕರುಳು ಕೆಡುವ ಕಾಯಿಲೆ, ಇದೆ ಎಂದು ಗೊತ್ತಾದ ಮೇಲೆ ಚಪಾತಿ, ಬ್ರೆಡ್ಡು, ರವೆ ಉಪ್ಪಿಟ್ಟು ಎಲ್ಲ ಬಿಟ್ಟೆವು. ರಾಯಚೂರಿನಲ್ಲಿ ಜೋಳಕ್ಕೇನು ಕೊರತೆ, ಅಲ್ವಾ? ಆದರೂ ಹೊಟ್ಟೆ ಉಬ್ಬರ, ಭೇದಿ ನಿಲ್ಲಲಿಲ್ಲ. ತೂಕ ಏರಲಿಲ್ಲ.

ಹಾಲು ಬಿಡಿಸಿದೆವು, ಬೇಳೆ ಕಡಿಮೆ ಮಾಡಿದೆವು. ಉಪಯೋಗವಾಗಲಿಲ್ಲ. ಅಂಗಡಿಯ ಜೋಳದ ಬಿಸ್ಕತ್ತಿನಲ್ಲೂ ಮೈದಾ ಇತ್ತು.

ತೊಂದರೆ ಇದ್ದದ್ದು ಹಿಟ್ಟಿನ ಗಿರಣಿಯಲ್ಲಿ. ನಮ್ಮ ಮುಂದಿನವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ಜೋಳ ಬೀಳುತ್ತಿತ್ತು. ಹಿಟ್ಟು ಇಳಿಯುವ ಬಟ್ಟೆಯ ಮಡಿಕೆಯಲ್ಲೆಲ್ಲ ಗೋಧಿ ಹಿಟ್ಟು ಮೆತ್ತಿಕೊಂಡಿರುತ್ತದೆ. ಮನೆಗೇ ಹೊಸ ಸಣ್ಣ ಗಿರಣಿ ತಂದೆವು. ಅದಕ್ಕೆ ಆರಿಸಿದ ಜೋಳ, ಅಕ್ಕಿ ಮಾತ್ರ. ಹಂಚು, ಜರಡಿ, ಹಿಟ್ಟು ನಾದುವ ಕೊಣಮಿಗೆ ಬೇರೆ ಇಟ್ಟೆವು. ಅಡುಗೆಯ ಹಿಂಗನ್ನೂ ಬದಲಾಯಿಸಿದೆವು: ಪುಡಿ ಹಿಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಡಬ್ಬಿಯ ಹಿಂದೆ ಓದಿ. ಇಷ್ಟಾದ ಮೇಲೆಯೇ ಭೇದಿ ನಿಂತು, ತೂಕ ಏರತೊಡಗಿತು.

ಗೋಧಿ ಇಲ್ಲದ ಕೇಕನ್ನೂ ಮನೆಯಲ್ಲೇ ಮಾಡಬಹುದು. ಕೇಕಿಗೆ ಬರೀ ಜೋಳದ ಹಿಟ್ಟು ಹಾಕಿದರೆ ಪುಡಿಪುಡಿ. ಹಿಡಿದಿಡುವುದು ಇಸಬಗೋಲು. ಜೋಳದ ಹಿಟ್ಟು 100 ಗ್ರಾಂ, ಅಕ್ಕಿ ಹಿಟ್ಟು 50, ಬೆಲ್ಲದ ಪುಡಿ 100, ಮೊಸರು 150, ಹಾಲು 100 ಮಿಲಿ, ಎಣ್ಣೆ 60 ಮಿಲಿ, ಇಸಬಗೋಲು 1 ಟೀ ಚಮಚ. ಕಲಸಿ 20 ನಿಮಿಷ ಬಿಡಿ. ಇದನ್ನು ತಪ್ಪಿಸಬೇಡಿ, ಹಿಟ್ಟು ನೀರು ಕುಡಿಯಬೇಕು. ಆಮೇಲೆ ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ ಬೆರೆಸಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 170 ಡಿಗ್ರಿ, 35 ನಿಮಿಷ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ.

ಇನ್ನೂ ಪರೀಕ್ಷೆ ಆಗದ ಮಕ್ಕಳಿಗೆ ರಕ್ತ ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಬೇಡಿ. ಬಿಡಿಸಿದರೆ ಕಾಯಿಲೆ ಇದ್ದರೂ ವರದಿಯಲ್ಲಿ ಕಾಣದೆ ಹೋಗಬಹುದು.