ಲೋಕಲ್‌ನಲ್ಲಿ ಪುಸ್ತಕ, ಭಾನುವಾರ ಸಿನಿಮಾ

ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ರೈಲು ಹಿಡಿದರೆ ಕೂರಲು ಜಾಗ ಸಿಗುತ್ತದೆ. ಮುಂಬೈನ ಕೊನೆಯ ನಿಲ್ದಾಣ ಸಿಎಸ್‌ಎಂಟಿ ತಲುಪಲು ಒಂದು ಗಂಟೆಗೂ ಜಾಸ್ತಿ ಬೇಕು. ಹಳೆಯ ವೈಜ್ಞಾನಿಕ ಕಾದಂಬರಿಗಳನ್ನು ನಾನು ಓದಿದ್ದೆಲ್ಲ ಆ ಹೊತ್ತಿನಲ್ಲೇ. ಪುಸ್ತಕ ಸಿಗುವುದು ಫ್ಲೋರಾ ಫೌಂಟನ್ ಫುಟ್‌ಪಾತ್‌ನಲ್ಲಿ, ಇಲ್ಲವೇ ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರ. ಓದಿ ಮುಗಿಸಿದ ವಾರ ಅದರ ಸಿನಿಮಾ ನೋಡುತ್ತೇನೆ.

ಮೊದಮೊದಲು ಪೆನ್ಸಿಲ್ ಹಿಡಿದು ಕೂರುತ್ತಿದ್ದೆ. ಪುಸ್ತಕದ ಯಾವ ದೃಶ್ಯ ಬಿಟ್ಟರು, ಯಾವುದು ಬದಲಾಯಿಸಿದರು ಅಂತ ಗುರುತು. ಅಕೌಂಟ್ಸ್‌ನವನ ಚಟ, ಅಲ್ವಾ? ಆಫೀಸಿನಲ್ಲಿ ಲೆಕ್ಕ ತಾಳೆ ನೋಡುವುದೇ ಸಾಕಾಗಿತ್ತು.

ಆ ಚಟ ಬಿಡಿಸಿದ್ದು ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್‌ನ 'ದಿ ವಾರ್ ಆಫ್ ದಿ ವರ್ಲ್ಡ್ಸ್'. 1898ರ ಪುಸ್ತಕದಲ್ಲಿ ಮಂಗಳ ಗ್ರಹದವರು ಇಳಿಯುವುದು ಇಂಗ್ಲೆಂಡಿನ ವೋಕಿಂಗ್ ಊರಿನ ಪಕ್ಕ. 1953ರ ಸಿನಿಮಾದಲ್ಲಿ ಕ್ಯಾಲಿಫೋರ್ನಿಯಾ, 2005ರದ್ದರಲ್ಲಿ ನ್ಯೂಜೆರ್ಸಿ. ಮೋಸ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ವೆಲ್ಸ್ ಅದನ್ನು ಬರೆಯುವಾಗ ವೋಕಿಂಗ್‌ನಲ್ಲೇ ಮನೆ ಮಾಡಿದ್ದ. ತನ್ನ ಬೀದಿಯ ಪಕ್ಕವೇ ಇಳಿಸಿದ್ದ! ಸಿನಿಮಾದವರೂ ಅದನ್ನೇ ಮಾಡಿದ್ದು. ಅಂದಿನಿಂದ ಕಥೆ ಯಾವ ಜಾಗಕ್ಕೆ ಹೋಯಿತು ಅಂತಷ್ಟೇ ನೋಡುತ್ತೇನೆ.

ನನ್ನನ್ನು ಜಾಸ್ತಿ ಕಾಡಿದ್ದು 'ಸೋಲಾರಿಸ್'. ಪೋಲೆಂಡಿನ ಲೆಮ್ 1961ರಲ್ಲಿ ಬರೆದದ್ದು. ಮೊದಲ ಪುಟಗಳಲ್ಲೇ ನಾಯಕ ಸೋಲಾರಿಸ್ ಎಂಬ ಗ್ರಹದ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿರುತ್ತಾನೆ. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ 1972ರ ಸಿನಿಮಾದಲ್ಲಿ ಸುಮಾರು 40 ನಿಮಿಷ ಭೂಮಿಯಲ್ಲೇ. ಮನೆ, ಕೊಳ, ಕುದುರೆ, ಮಳೆ. "ಅಪ್ಪಾ, ಇವ್ರು ಇನ್ನೂ ಹೊರಟೇ ಇಲ್ವಲ್ಲ!" ಅಂದಳು ಮಗಳು. ಮುಂದಿನ ಕಾಲದ ನಗರ ಅಂತ ತೋರಿಸಿದ್ದು ಟೋಕಿಯೋದ ಫ್ಲೈಓವರ್‌ಗಳನ್ನು. ಕಾರು ಸುರಂಗಕ್ಕೆ ನುಗ್ಗುತ್ತದೆ, ಹೊರಬರುತ್ತದೆ, ಮಾತೇ ಇಲ್ಲ. ನಮಗೆ ಮುಂಬೈನ ಈಸ್ಟರ್ನ್ ಫ್ರೀವೇ ನೆನಪಾಯಿತು. ಲೆಮ್‌ಗೆ ಈ ಸಿನಿಮಾ ಹಿಡಿಸಲಿಲ್ಲ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ಗ್ರಹದ ಸಮುದ್ರದ ಬಗ್ಗೆ ಅವನು ಬರೆದ ಪುಟಗಟ್ಟಲೆ ವಿವರ ಇಲ್ಲಿಲ್ಲ.

ಹೆಸರಿನದ್ದೊಂದು ಗೋಜಲು. ನನ್ನ ಹಳೇ ಇಂಗ್ಲಿಷ್ ಪ್ರತಿಯಲ್ಲಿ ನಾಯಕನ ಹೆಂಡತಿ ರೇಯಾ, ಸಿನಿಮಾದಲ್ಲಿ ಹರಿ. ಆ ಅನುವಾದ ಆದದ್ದು ಫ್ರೆಂಚ್‌ನಿಂದ, ಹೆಸರನ್ನೂ ಬದಲಾಯಿಸಿದ್ದರು. ಪೋಲಿಷ್‌ನಿಂದ ನೇರ ಇಂಗ್ಲಿಷಿಗೆ ಬಂದದ್ದು 2011ರಲ್ಲಿ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಆ ಮನೆ, ಕೊಳವನ್ನು ತಾರ್ಕೋವ್‌ಸ್ಕಿ ಅಷ್ಟು ಹೊತ್ತು ಯಾಕೆ ತೋರಿಸಿದ ಅಂತ ಕೊನೆಯ ದೃಶ್ಯದಲ್ಲಿ ಗೊತ್ತಾಗುತ್ತದೆ. ಪುಸ್ತಕದಲ್ಲಿ ಆ ಕೊನೆ ಇಲ್ಲ. ಅಷ್ಟರಲ್ಲಿ ಮಗಳಿಗೆ ನಿದ್ದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ಕೇಳಿದಳು, "ಕೊನೆಗೇನಾಯ್ತಪ್ಪಾ?"

"ಯಾವುದರದ್ದು ಹೇಳ್ಲಿ?" ಅಂದೆ. ಲೋಕಲ್‌ಗೆ ಹೊತ್ತಾಗಿತ್ತು.