ನನ್ನ ರಾಥ್ ಕನ್ವರ್ಷನ್: 4ಎ ಸಾಲಿನಲ್ಲಿ 80,000, 4ಬಿಯಲ್ಲಿ 40

ನನ್ನ 2023ರ ಅಮೆರಿಕದ ಆದಾಯ ತೆರಿಗೆ ರಿಟರ್ನ್, ಅಂದರೆ 1040 ಫಾರ್ಮಿನಲ್ಲಿ, 4ಎ ಸಾಲಿನ ಮೊತ್ತ (ಐಆರ್‌ಎ ಎಂಬ ವೈಯಕ್ತಿಕ ನಿವೃತ್ತಿ ಖಾತೆಯಿಂದ ಆ ವರ್ಷ ಹೊರಬಂದದ್ದು) ಸುಮಾರು 80,000 ಡಾಲರ್. ಪಕ್ಕದ 4ಬಿ, ಅಂದರೆ ತೆರಿಗೆ ಬೀಳುವ ಭಾಗ, ಬರೀ 40 ಡಾಲರ್. "ರೋಲ್‌ಓವರ್ ಐಆರ್‌ಎ ಇದ್ದವರಿಗೆ ಬ್ಯಾಕ್‌ಡೋರ್ ರಾಥ್ ಆಗಲ್ಲ, ಸುಮ್ನೆ ಬಿಟ್ಬಿಡಿ" ಎಂದು ಆಫೀಸಿನಲ್ಲಿ ಹೇಳದವರೇ ಇರಲಿಲ್ಲ. ಬ್ಯಾಕ್‌ಡೋರ್ ರಾಥ್ ಅಂದರೆ, ಆದಾಯ ಜಾಸ್ತಿ ಇದ್ದು ರಾಥ್ ಐಆರ್‌ಎಗೆ (ಮುಂದೆ ತೆಗೆಯುವಾಗ ತೆರಿಗೆ ಬೀಳದ ಖಾತೆ) ನೇರವಾಗಿ ಹಾಕಲಾಗದವರು, ಮೊದಲು ಸಾಮಾನ್ಯ (ಟ್ರೆಡಿಷನಲ್) ಐಆರ್‌ಎಗೆ ಹಾಕಿ ಆಮೇಲೆ ಅದನ್ನು ರಾಥ್‌ಗೆ ಕನ್ವರ್ಟ್ ಮಾಡುವುದು. ಆದರೂ ನನ್ನದು ಆಯಿತು. ರಿಟರ್ನ್ ಬಗ್ಗೆ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಇವತ್ತಿನವರೆಗೆ ಒಂದು ಪ್ರಶ್ನೆಯೂ ಬಂದಿಲ್ಲ.

ಬೇ ಏರಿಯಾದಲ್ಲಿರುವ ನಮ್ಮವರಲ್ಲಿ ತುಂಬಾ ಜನರ ಕಥೆ ಇದೇ. ಮೂರು ನಾಲ್ಕು ಕಂಪನಿ ಬದಲಿಸಿರುತ್ತೇವೆ. ಬಿಟ್ಟು ಬಂದ 401(ಕೆ)ಗಳೆಲ್ಲ, ಅಂದರೆ ಕಂಪನಿ ಮೂಲಕ ಕೂಡಿಟ್ಟ ನಿವೃತ್ತಿ ಖಾತೆಗಳು, ಒಂದು ರೋಲ್‌ಓವರ್ ಐಆರ್‌ಎಗೆ ಬಂದು ಕೂತಿರುತ್ತವೆ. ನನ್ನದರಲ್ಲಿ ಸುಮಾರು 62,000 ಇತ್ತು. ಪೂರ್ತಿ ತೆರಿಗೆ ಕಟ್ಟದ ಹಣ. ಅದರ ಮೇಲೆ 2020, 2021, 2022ಕ್ಕೆ ತಲಾ 6,000ದಂತೆ ಹಾಕಿದ 18,000. ನಮ್ಮ ಆದಾಯಕ್ಕೆ ಡಿಡಕ್ಷನ್ ಸಿಗಲ್ಲ, ಹಾಗಾಗಿ ಇದು ತೆರಿಗೆ ಕಟ್ಟಿಯಾದ ಹಣ, ನನ್ನ ಬೇಸಿಸ್.

ಒಬ್ಬ ಸಿಪಿಎ (ಲೆಕ್ಕಪರಿಶೋಧಕ) ಹತ್ತಿರ ಹೋದೆ. ಅವರು ಪ್ರೊ-ರೇಟಾ, ಅಂದರೆ ಎಲ್ಲ ಐಆರ್‌ಎ ಹಣವನ್ನೂ ಒಟ್ಟಿಗೆ ಹಿಡಿದ ಅನುಪಾತದ ಲೆಕ್ಕ, ಹಾಕಿ ತೋರಿಸಿದರು. 18,000 ಕನ್ವರ್ಟ್ ಮಾಡಿದರೆ ಅದರಲ್ಲಿ 22.5 ಪರ್ಸೆಂಟ್ ಮಾತ್ರ ತೆರಿಗೆ ಇಲ್ಲದ್ದು. ಮಿಕ್ಕ 13,950ಕ್ಕೆ ಫೆಡರಲ್ 32, ಕ್ಯಾಲಿಫೋರ್ನಿಯಾ 9.3, ಎರಡೂ ಸೇರಿ 5,700 ಡಾಲರ್ ಚಿಲ್ಲರೆ. "ಕಟ್ಟಿಬಿಡಿ, ತಲೆನೋವು ಇರಲ್ಲ" ಎಂದರು. ಅವರ ಫೀಸು 400 ಬೇರೆ.

ಆ ಲೆಕ್ಕ ತಪ್ಪಲ್ಲ. ಆದರೆ ಬೇಸಿಸ್ ಲೆಕ್ಕ ಕೊಡುವ ಫಾರ್ಮ್ 8606ರ 6ನೇ ಸಾಲು ಕೇಳುವುದು ಡಿಸೆಂಬರ್ 31ರ ಬ್ಯಾಲೆನ್ಸ್ ಅಷ್ಟೇ. ಟ್ರೆಡಿಷನಲ್, ಸೆಪ್, ಸಿಂಪಲ್ ಐಆರ್‌ಎ ಎಲ್ಲ ಅಲ್ಲಿ ಸೇರುತ್ತವೆ. 401(ಕೆ) ಸೇರಲ್ಲ. ಇನ್ನೊಂದು ಅನುಕೂಲ, ಐಆರ್‌ಎಯಿಂದ 401(ಕೆ)ಗೆ ತೆರಿಗೆ ಕಟ್ಟದ ಹಣ ಮಾತ್ರ ಹೋಗಬಹುದು, ಬೇಸಿಸ್ ಹೋಗುವ ಹಾಗಿಲ್ಲ. ನಿಯಮವೇ ಜರಡಿ ಹಿಡಿದು ಎರಡನ್ನೂ ಬೇರೆ ಮಾಡಿಕೊಡುತ್ತದೆ. ಹಾಗಾದರೆ 62,000 ಅನ್ನು ಈಗಿನ ಕಂಪನಿಯ 401(ಕೆ)ಗೆ ತಳ್ಳಿ, ಉಳಿದ 18,000 ಅನ್ನು ಕನ್ವರ್ಟ್ ಮಾಡಿದರೆ ಮುಗೀತು, ಅಲ್ವಾ?

ಹೇಳಿದಷ್ಟು ಸುಲಭವಾಗಿ ಮುಗಿಯಲಿಲ್ಲ. 2022ರಲ್ಲಿ 401(ಕೆ) ಪ್ಲಾನ್‌ನ ಫೋನ್ ಲೈನಿನವರು "ಐಆರ್‌ಎ ಹಣ ತಗೊಳ್ಳಲ್ಲ" ಎಂದರು. ಮತ್ತೆ ಮಾಡಿದಾಗ ಇನ್ನೊಬ್ಬರೂ ಅದನ್ನೇ ಹೇಳಿದರು. ಅಷ್ಟರಲ್ಲಿ ಡಿಸೆಂಬರ್ ಕಳೆದು ಒಂದು ವರ್ಷ ಹೋಯಿತು. ಆಮೇಲೆ ಎಚ್‌ಆರ್‌ನಿಂದ ಸಮ್ಮರಿ ಪ್ಲಾನ್ ಡಿಸ್ಕ್ರಿಪ್ಷನ್ (ಪ್ಲಾನ್‌ನ ನಿಯಮಗಳ ಕೈಪಿಡಿ) ತರಿಸಿ ಸಾಲು ಸಾಲಾಗಿ ಓದಿದೆ. ಐಆರ್‌ಎ ರೋಲ್‌ಓವರ್ ಸ್ವೀಕರಿಸುತ್ತೇವೆ ಎಂದು ಸ್ಪಷ್ಟವಾಗಿಯೇ ಬರೆದಿತ್ತು! ಪುಟದ ನಂಬರ್ ಸಮೇತ ಲಿಖಿತವಾಗಿ ಕೇಳಿದೆ, ಒಪ್ಪಿದರು. ಆ ಮೆಸೇಜಿನ ಒಕ್ಕಣೆಯನ್ನು ಇಲ್ಲಿ ಹಾಕುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಫೋನ್ ನಂಬಬೇಡಿ, ಬರವಣಿಗೆಯಲ್ಲಿ ಕೇಳಿ ಎಂದಷ್ಟೇ ಹೇಳುತ್ತೇನೆ.

ಮುಂದಿನ ತಕರಾರು ಪತ್ರದ್ದು. ಬರುವ ಹಣವೆಲ್ಲ ತೆರಿಗೆ ಕಟ್ಟದ್ದು ಎಂದು ಐಆರ್‌ಎ ಕಂಪನಿ ಬರೆದುಕೊಡಲಿ ಎಂದರು ಪ್ಲಾನ್‌ನವರು. ಐಆರ್‌ಎ ಕಂಪನಿಯವರು "ಬೇಸಿಸ್ ಲೆಕ್ಕ ನಾವು ಇಡಲ್ಲ, ಅದು ನಿಮ್ಮ ಜವಾಬ್ದಾರಿ" ಎಂದರು. ಕೊನೆಗೆ ನಾನೇ ಸಹಿ ಮಾಡಿದ ದೃಢೀಕರಣ ಸಾಕಾಯಿತು. ಚೆಕ್ ಪ್ಲಾನ್ ಟ್ರಸ್ಟಿ ಹೆಸರಿಗೆ ಬಂತು. ಅದರಲ್ಲಿ ಖಾತೆ ನಂಬರ್ ಇಲ್ಲ ಎಂದು ವಾಪಸ್ ಕಳಿಸಿದರು, ಇನ್ನೊಂದು ಬರೆಸಬೇಕಾಯಿತು. ಮೂರು ವಾರದ ಹತ್ತಿರ 62,000 ಮಾರ್ಕೆಟ್‌ನಿಂದ ಹೊರಗಿತ್ತು. ಅದು 2023ರ ಜೂನ್, ಮಾರ್ಕೆಟ್ ಏರುತ್ತಿದ್ದ ಹೊತ್ತು. ಎರಡು ಸಾವಿರ ಡಾಲರ್ ಹತ್ತಿರ ಕೈತಪ್ಪಿರಬೇಕು. 5,700ರ ಮುಂದೆ ಆ ನಷ್ಟವನ್ನು ನುಂಗಿಕೊಂಡೆ.

ಕನ್ವರ್ಷನ್ ಮಾಡುವಾಗ ಒಂದು ಕಡೆ ಕಣ್ಣಿಡಬೇಕು. ಎಷ್ಟು ತೆರಿಗೆ ಮುಂಗಡ ಹಿಡಿಯಬೇಕೆಂದು ತಿಳಿಸುವ ಡಬ್ಲ್ಯೂ-4ಆರ್ ಫಾರ್ಮಿನಲ್ಲಿ ಏನೂ ಬರೆಯದಿದ್ದರೆ 10 ಪರ್ಸೆಂಟ್ ಹಿಡಿಯುತ್ತಾರೆ. ಹಿಡಿದ ಹಣ ರಾಥ್‌ಗೆ ಹೋಗಲ್ಲ. ಅದು ಡಿಸ್ಟ್ರಿಬ್ಯೂಷನ್ ಆಗುತ್ತದೆ, 59½ ಆಗದವರಿಗೆ ದಂಡವೂ ಬೀಳಬಹುದು. ನಾನು ಸೊನ್ನೆ ಎಂದು ಬರೆದೆ.

ಇನ್ನು ರಿಪೋರ್ಟಿಂಗ್. ಜಾಸ್ತಿ ಜನ ಸೋಲುವುದು ಇಲ್ಲೇ. ನನ್ನ ಹಳೇ ರಿಟರ್ನ್ ಮಾಡಿಕೊಟ್ಟವರು 2020, 2021ಕ್ಕೆ 8606 ಹಾಕಿರಲೇ ಇಲ್ಲ. ಅಂದರೆ ಐಆರ್‌ಎಸ್ ಲೆಕ್ಕದಲ್ಲಿ 12,000 ಬೇಸಿಸ್ ಇಲ್ಲವೇ ಇಲ್ಲ. ಎಲ್ಲರೂ "1040-ಎಕ್ಸ್ ಹಾಕಬೇಕು, ಆಗಲ್ಲ" ಎಂದರು. 1040-ಎಕ್ಸ್ ಅಂದರೆ ತಿದ್ದುಪಡಿ ರಿಟರ್ನ್. ಆದರೆ ತೆರಿಗೆ ಬದಲಾಗದಿದ್ದರೆ 8606 ಒಂದನ್ನೇ, ಆಯಾ ವರ್ಷದ ಫಾರ್ಮಿನಲ್ಲಿ, ಸಹಿ ಹಾಕಿ ಅಂಚೆಯಲ್ಲಿ ಕಳಿಸಬಹುದು. ಜೊತೆಗೆ ಐಆರ್‌ಎಗೆ ಹಣ ಹಾಕಿದ್ದನ್ನು ತೋರಿಸುವ 5498 ಫಾರ್ಮಿನ ಪ್ರತಿ ಮತ್ತು ತಡವಾಗಿದ್ದಕ್ಕೆ ಕಾರಣ ಹೇಳುವ ಅರ್ಧ ಪುಟದ ಪತ್ರ ಇಟ್ಟೆ. ಫಾರ್ಮಿಗೆ 50 ಡಾಲರ್ ದಂಡ ಎಂದು ನಿಯಮ ಇದೆ, ನನಗೆ ಯಾರೂ ಕೇಳಲಿಲ್ಲ. ಗೆಳೆಯರೊಬ್ಬರದು ಬೇರೆ. ಅವರ 6,000 ಕನ್ವರ್ಷನ್‌ಗೆ ರಿಟರ್ನ್ ಮಾಡಿದವರು 8606 ಇಲ್ಲದೆ ಪೂರ್ತಿ ತೆರಿಗೆ ಕಟ್ಟಿಸಿದ್ದರು. ಅವರು 1040-ಎಕ್ಸ್ ಹಾಕಲೇಬೇಕಾಯಿತು. ಮೂರು ವರ್ಷದ ಗಡುವಿನೊಳಗೆ ಹಾಕಿದರು, ಹಣ ಬಡ್ಡಿ ಸಮೇತ ವಾಪಸ್ ಬಂತು.

2024ರ ಜನವರಿಯಲ್ಲಿ ನನಗೆ ಎರಡು 1099-ಆರ್, ಅಂದರೆ ನಿವೃತ್ತಿ ಖಾತೆಯಿಂದ ಹಣ ಹೊರಬಂದದ್ದನ್ನು ತಿಳಿಸುವ ಫಾರ್ಮುಗಳು, ಬಂದವು. ರೋಲ್‌ಓವರ್‌ಗೆ ಕೋಡ್ ಜಿ, ಕನ್ವರ್ಷನ್‌ಗೆ ಕೋಡ್ 2. ಎರಡನೆಯದರ 2ಎ ಬಾಕ್ಸಿನಲ್ಲಿ ಪೂರ್ತಿ 18,040 ಇರುತ್ತದೆ, ಗಾಬರಿ ಬೇಡ. ಪಕ್ಕದಲ್ಲಿ "ತೆರಿಗೆ ಮೊತ್ತ ನಿರ್ಧರಿಸಿಲ್ಲ" ಎಂಬ ಟಿಕ್ ಇರುತ್ತದೆ. ಸಾಫ್ಟ್‌ವೇರಿನಲ್ಲಿ ಇದನ್ನು ತುಂಬಿದ ಕೂಡಲೇ ರೀಫಂಡ್ ಕುಸಿದು ಬೀಳುತ್ತದೆ. ಹಿಂದಿನ 8606ರ 14ನೇ ಸಾಲಿನ ಬೇಸಿಸ್ ಹಾಕಿ, 6ನೇ ಸಾಲಿಗೆ ಸೊನ್ನೆ ಕೊಟ್ಟ ಮೇಲೆ ಮತ್ತೆ ಮೇಲೇಳುತ್ತದೆ. ಐಆರ್‌ಎ ಹಣ 401(ಕೆ)ಗೆ ಹೋದದ್ದಕ್ಕೆ ಎರಡು ಸಾಲಿನ ವಿವರಣೆ ಲಗತ್ತಿಸಬೇಕು. ಇದನ್ನು ಬಿಟ್ಟವರನ್ನು ತುಂಬಾ ನೋಡಿದ್ದೇನೆ.

ಹೆಂಡತಿಯದು ಸಲೀಸು, ಅವಳಿಗೆ ರೋಲ್‌ಓವರ್ ಐಆರ್‌ಎ ಇರಲಿಲ್ಲ. ಜಾಯಿಂಟ್ ಆಗಿ ಫೈಲ್ ಮಾಡಿದರೂ ಅವಳ 8606 ಬೇರೆಯೇ, ಗಂಡನ ಬ್ಯಾಲೆನ್ಸ್ ಅವಳ ಲೆಕ್ಕಕ್ಕೆ ಬರಲ್ಲ. ಅವಳ 6,500ರಲ್ಲಿ ಒಂದು ಪ್ರಯೋಗ ಮಾಡಿದೆವು. ಇಂಡೆಕ್ಸ್ ಫಂಡಿನಲ್ಲಿ ಮೂರು ತಿಂಗಳು ಬಿಟ್ಟು ಆಮೇಲೆ ಕನ್ವರ್ಟ್ ಮಾಡಿದೆವು. 300 ಚಿಲ್ಲರೆ ಬೆಳೆಯಿತು, ನೂರಕ್ಕೂ ಮೇಲೆ ತೆರಿಗೆ ಹೋಯಿತು. ನನ್ನದು ಮನಿ ಮಾರ್ಕೆಟ್‌ನಲ್ಲಿತ್ತು, ಬರೀ 40ರ ಮೇಲೆ ತೆರಿಗೆ. ಅಂದಿನಿಂದ ಇಬ್ಬರದೂ ಜನವರಿ ಮೊದಲ ವಾರದಲ್ಲೇ ಹಾಕಿ, ಕೆಲವೇ ದಿನದಲ್ಲಿ ಕನ್ವರ್ಟ್ ಮಾಡುತ್ತೇವೆ. ಹಾಕಿದ್ದೂ ಕನ್ವರ್ಟ್ ಮಾಡಿದ್ದೂ ಒಂದೇ ವರ್ಷದ 8606ಕ್ಕೆ ಬರುತ್ತವೆ.

ಕನ್ವರ್ಷನ್ ಆದ ಮೇಲೂ ತಿಂಗಳ ಕೊನೆಗೆ ಎರಡು ಮೂರು ಡಾಲರ್ ಬಡ್ಡಿ ಹಳೇ ಖಾತೆಗೆ ಬಂದು ಬೀಳುತ್ತದೆ. ಡಿಸೆಂಬರ್‌ನಲ್ಲಿ ಒಮ್ಮೆ ಲಾಗಿನ್ ಆಗಿ ಅದನ್ನೂ ರಾಥ್‌ಗೆ ತಳ್ಳಿಬಿಡಿ.